ಕೂಸಿನ ತೂಕ ಬರೆಯೂದಿಲ್ಲ

ಅಳಿಯಂದ್ರ,

ಶಿಫ್ಟ್ ಮುಗಿಸಿ ಬಂದವರು ಬೂಟಿನ ಸಪ್ಪಳ ಮಾಡಬ್ಯಾಡ್ರಿ. ನೇತ್ರಾ, ಕೂಸು ಇಬ್ಬರೂ ಮಲಗ್ಯಾರ. ನಾನು ಬಾಣಂತಿಗೆ ಸಬ್ಬಸಗಿ ತರಾಕ ಬಾಜೂಮನಿ ರತ್ನಾನ ಕಾರಿನ್ಯಾಗ ವುಡ್‌ಬ್ರಿಡ್ಜಿನ ಇಂಡಿಯನ್ ಅಂಗಡಿಗೆ ಹೋಗೇನಿ.

ಮನ್ಯಾಗ ಹೆರಿಗಿ ಮಾಡಿಸಿದ ಮಿಡ್‌ವೈಫ್ ಬಾಯಿ ಬಂದಿದ್ಲು. ಊರಾಗ ಮೆಣಸಿನಕಾಯಿ ಚೀಲ ತೂಗಿದಂಗ, ಕೂಸಿನ್ನ ಅರಿವ್ಯಾಗ ಹಾಕಿ ತಕ್ಕಡಿ ಕೊಕ್ಕಿಗೆ ಇಳಿಬಿಟ್ಟು ತೂಗಿದ್ಲು. ಮೊನ್ನೆ ತೂಕ ಇಳದೈತಿ ಅಂದಾಗಿಂದ ನೀವು ಸರಿಯಾಗಿ ಉಂಡಿಲ್ಲ. ಇವತ್ತ ಏರೇತಿ! ಎಷ್ಟಂತ ಮಾತ್ರ ಬರೆಯೂದಿಲ್ಲ, ದೃಷ್ಟಿ ಆಗತೈತಿ. ಕೂಸಿನ ಗಲ್ಲಕ್ಕ ಕಾಡಿಗಿ ಬೊಟ್ಟು ಇಟ್ಟೆ. ಅದ್ಯಾಕಂತ ಕೇಳಿ, ಆ ಬಾಯಿ ತನ್ನ ಗಲ್ಲಕ್ಕೂ ಒಂದು ಇಡಿಸ್ಕೊಂಡು ನಗಕೋತ ಹೋದ್ಲು.

ನೀವು ಗಾಬರಿಯಾಗಿ ತಂದ ಹಾಲಿನಪುಡಿ ಡಬ್ಬಿ ಅಂಗಡಿಗೆ ತಿರುಗಿ ಕೊಡ್ರಿ. ತಾಯಿ ಹಾಲು ಸಾಕಂತ. ಒಲಿ ಮ್ಯಾಲ ಜ್ವಾಳದ ನುಚ್ಚು, ಫ್ರಿಜ್ಜಿನ್ಯಾಗ ಮಜ್ಜಿಗಿ ಐತಿ. ಹೊಟ್ಟಿತುಂಬ ಉಣ್ರಿ.

ಕೂಸಿನ ಹತ್ರ ಹೋಗೂಕಿಂತ ಮೊದಲ ಕೈ ತೊಳಕೊಳ್ರಿ. ಹೆತ್ತವರ ದೃಷ್ಟೀನ ಜಾಸ್ತಿ ನಾಟತೈತಿ, ಹಂಗ ಕಣ್ಣು ಪಿಳುಕಿಸದ ನೋಡಬ್ಯಾಡ್ರಿ ಅಂತ ದಿನಾ ಬೈತಿದ್ದೆ. ಇವತ್ತ ಬೇಕಾದಷ್ಟು ಹೊತ್ತು ನೋಡ್ರಿ. ಬೊಟ್ಟು ದೊಡ್ಡದ ಇಟ್ಟೀನಿ.

ನಿಮ್ಮ ಅತ್ತಿ,
ಶಾರದವ್ವ