ಶುಕ್ರವಾರದ ಮೈಲೇಜು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.30

ಕಾರು ಹೊರಟಿತು. ಮಹಡಿ ಕಿಟಕಿಯಿಂದ ಕೈ ಬೀಸಿದ್ದಾಯಿತು. ಮುಂದಿನ ಸೀಟಿನಲ್ಲಿ ಅಕ್ಕ, ಮಡಿಲಲ್ಲಿ ನೀಲಿ ಶಾಲು. ಡಯಾಲಿಸಿಸ್ ಕೋಣೆಯಲ್ಲಿ ಥಂಡಿ, ಬೇಸಿಗೆಯಲ್ಲೂ ಶಾಲು ಬೇಕು. ಸ್ಟೀರಿಂಗ್ ಹಿಡಿದು ಭಾವ, ಎಂದಿನಂತೆ ಮೌನವ್ರತ. ಸೋಮ, ಬುಧ, ಶುಕ್ರ ಅವರ ಟೈಲರ್ ಅಂಗಡಿಗೆ ಬೀಗ. ಆಸ್ಪತ್ರೆ ಗುಡ್ಡದ ಮೇಲೆ. ಯಾವ ಪುಣ್ಯಾತ್ಮ ಅಲ್ಲಿ ಕಟ್ಟಿಸಿದನೋ... ಬರುವವರಿಗೆ ಕಾಯಿಲೆ ಇರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲವೇನೋ. ನಮ್ಮ ಮುದಿ ಕಾರು ಆ ಏರಿನಲ್ಲಿ ಪೆಟ್ರೋಲ್ ಕುಡಿಯುವುದಿಲ್ಲ, ಅದರಲ್ಲಿ ಸ್ನಾನ ಮಾಡುತ್ತದೆ.

ನಿನ್ನೆ ಊಟಕ್ಕೆ ಕೂತಾಗ ಅಕ್ಕನದು ಮತ್ತೆ ಅದೇ ರಾಗ.

"ವಾರಕ್ಕೆ ಎರಡು ಸಲ ಸಾಕು ಕಣೋ. ಮೂರನೇದು ಪೆಟ್ರೋಲ್ ದಂಡ."

ಡಾಕ್ಟರು ಮೂರು ಎಂದಿದ್ದಾರೆ. ಕಮ್ಮಿಯಾದರೆ ನೀರು ಮೈಯಲ್ಲೇ ನಿಲ್ಲುತ್ತದೆ, ಎದೆಗೆ ಬರುತ್ತದೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದಿದ್ದಾರೆ. ಅವಳ ಎದುರೇ ಹೇಳಿದ್ದು. ಅವಳು ತಲೆಯಾಡಿಸಿದ್ದಳು.

"ಪೆಟ್ರೋಲ್ ತಾನೇ? ಅದನ್ನ ನಾನು ಕಮ್ಮಿ ಮಾಡ್ತೀನಿ," ಅಂದೆ.

"ಹೇಗೋ? ಇಳಿದು ತಳ್ತೀಯಾ?"

ಮಾತು ಬಾಯಿಂದ ಜಾರಿತು. ಈಗ ಮಾಡಿ ತೋರಿಸಬೇಕು.

ಮಾರ್ಚ್ 6, ಗುರುವಾರ. ಸಂಜೆ

ಕಾರಿನ ಕಂಪ್ಯೂಟರ್ ಬಿಚ್ಚಿ ಮೇಲೆ ತಂದೆ. ಡ್ಯಾಶ್‌ಬೋರ್ಡ್ ಕೆಳಗಿನ ತಗಡಿನ ಡಬ್ಬಿ. ಒಳಗೆ ಒಂದು ಚಿಪ್. ಪುಣ್ಯಕ್ಕೆ ಬೆಸುಗೆ ಇಲ್ಲ, ಕಿತ್ತು ಬೇರೆ ಹಾಕಬಹುದು. ಇಂಜಿನ್ನಿಗೆ ಯಾವ ವೇಗದಲ್ಲಿ, ಯಾವ ಭಾರಕ್ಕೆ ಎಷ್ಟು ಪೆಟ್ರೋಲ್ ಎಂಬುದೆಲ್ಲ ಅದರಲ್ಲಿದೆ. ಬರೆದವನು ಧಾರಾಳಿ. ಮದುವೆ ಮನೆಯಲ್ಲಿ ಬಡಿಸಿದ ಹಾಗೆ ಬಡಿಸಿದ್ದಾನೆ.

ನಾನು ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿಯವನು. ಕೂದಲೆಳೆಯ ವ್ಯತ್ಯಾಸ ಹಿಡಿದೇ ಹೊಟ್ಟೆ ಹೊರೆಯುವುದು. ಅಕ್ಕ ನನಗೆ ಗುಲಗಂಜಿ ಎಂದು ಹೆಸರಿಟ್ಟಿರುವುದು ಅದಕ್ಕೇ. ಚಿಪ್ಪಿನ ಪ್ರೋಗ್ರಾಂ ನಕಲು ಮಾಡಿ, ಹೊಸ ಚಿಪ್ಪಿನಲ್ಲಿ ಎಲ್ಲ ಕಡೆ ಒಂದೊಂದು ಚಮಚ ಕಮ್ಮಿ ಮಾಡಿದೆ. ಜೊತೆಗೆ ಹಳೆ ತಕ್ಕಡಿ ಬೋರ್ಡಿನಿಂದ ಒಂದು ರೆಕಾರ್ಡರ್. ಎಷ್ಟು ದೂರ ಓಡಿತು, ಎಷ್ಟು ಪೆಟ್ರೋಲ್, ಇಂಜಿನ್ ಎಷ್ಟು ಭಾರ ಎಳೆಯಿತು — ಎಲ್ಲ ಬರೆದಿಡುತ್ತದೆ.

ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. "ನನಗೆ ನೀರು ಅಳೆದು ಕೊಡ್ತೀರ. ಈಗ ಅದಕ್ಕೂ ಶುರು ಮಾಡಿದ್ಯಾ? ಪಾಪ."

ಭಾವನದು ಒಂದೇ ಷರತ್ತು. "ಹೊಸದನ್ನ ಶುಕ್ರವಾರ ಮಾತ್ರ ಹಾಕು. ಸೋಮವಾರ, ಬುಧವಾರ ಹಳೇದೇ ಇರಲಿ."

"ಯಾಕೆ ಭಾವ?"

"ದಾರೀಲಿ ಕೈಕೊಟ್ರೂ ಶುಕ್ರವಾರ ಅಷ್ಟೇನೂ ತೊಂದ್ರೆ ಇಲ್ಲ."

ಅರ್ಥವಾಗಲಿಲ್ಲ. ಅವರು ಇಷ್ಟು ಮಾತಾಡಿದ್ದೇ ಹೆಚ್ಚು, ಕೆದಕಲಿಲ್ಲ.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ

ಬುಧವಾರ ಹಳೆ ಚಿಪ್ಪಿನಲ್ಲಿ, ಪೆಟ್ರೋಲ್ ಬಂಕಿನ ಲೆಕ್ಕದಲ್ಲಿ, ಲೀಟರಿಗೆ ಹನ್ನೊಂದು ಕಿಲೋಮೀಟರ್. ಇವತ್ತು — ಹದಿನೈದು!! ಮೂರು ಸಲ ನೋಡಿದೆ. ಹದಿನೈದೇ. ರೂಮಿನಲ್ಲಿ ಒಬ್ಬನೇ ಕುಣಿದೆ. ಕೆಳಗಿನಿಂದ ಅಕ್ಕ, "ಏನೋ ಅದು, ಸೂರು ಬೀಳತ್ತೆ!"

ಅಕ್ಕ ಬೆಳಿಗ್ಗೆ ಶಾಲು ಮರೆತು ಹೋಗಿದ್ದಾಳೆ. ಮೊಳೆಯಲ್ಲೇ ತೂಗುತ್ತಿದೆ. ಅಷ್ಟು ಹೊತ್ತು ಹೇಗೆ ಥಂಡಿ ತಡೆದಳೋ.

ಮಾರ್ಚ್ 14, ಶುಕ್ರವಾರ

ಮತ್ತೆ ಹದಿನೈದು. ಊಟಕ್ಕೆ ಕೂತಾಗ ಘೋಷಿಸಿದೆ. "ಇನ್ನು ಪೆಟ್ರೋಲ್ ನೆಪ ನಡೆಯಲ್ಲ. ವಾರಕ್ಕೆ ಮೂರು ಸಲ. ಮುಗೀತು."

"ಆಯ್ತಪ್ಪ," ಅಂದಳು. ಅಷ್ಟೇ. ಇಷ್ಟು ಬೇಗ ಒಪ್ಪುವ ಜನ್ಮವಲ್ಲ ಅವಳದು. ಗೆದ್ದೆ ಅಂದುಕೊಂಡೆ. ಭಾವ ತಟ್ಟೆ ನೋಡುತ್ತಾ ಕೂತಿದ್ದರು.

ಕಾರಿನ ಬಾಗಿಲ ಸಂದಿಯಲ್ಲಿ ಫ್ಲಾಸ್ಕು. ಕಾಯುವಾಗ ಭಾವನಿಗೆ ಟೀ ಬೇಕಲ್ಲ.

ಮಾರ್ಚ್ 22, ಶನಿವಾರ

ಅಕ್ಕ ಮೆಟ್ಟಿಲ ಮೇಲೆ ನಡುವೆಯೇ ಕೂತುಬಿಟ್ಟಳು. ಏದುಸಿರು. "ಸೆಕೆ ಕಣೋ," ಅಂದಳು. ಕಾಲು ಊದಿದೆ, ಚಪ್ಪಲಿ ಪಟ್ಟಿ ಹಾಕಿಲ್ಲ. ನೀರು ಜಾಸ್ತಿ ಕುಡಿದೆಯಾ ಎಂದು ಗದರಿದೆ. ನಕ್ಕಳು.

ನಿನ್ನೆಯ ಮೈಲೇಜು ಹದಿನೈದು ದಾಟಿದೆ. ಸೋಮವಾರ ಹೊಸ ಚಿಪ್ಪೇ ಇರಲಿ. ಭಾವನಿಗೆ ಹೇಳುವುದಿಲ್ಲ, ಹೇಳಿದರೆ ಬೇಡ ಅನ್ನುತ್ತಾರೆ.

ಮಾರ್ಚ್ 24, ಸೋಮವಾರ

ಮುಖಭಂಗ. ಗುಡ್ಡದ ಅರ್ಧದಲ್ಲಿ ಇಂಜಿನ್ ಟಕಟಕ ಎಂದು ಬಡಿದುಕೊಂಡು, ಬಿಸಿಯಾಗಿ, ನಿಂತೇ ಹೋಗಿದೆ. ಹಿಂದಿನ ಲಾರಿಯವರು ಇಳಿದು ತಳ್ಳಿದರಂತೆ. ಅಕ್ಕ ಆಸ್ಪತ್ರೆ ಸೇರಿದ್ದು ತಡವಾಗಿ. ಭಾವ ಬಂದವರೇ ಕೇಳಿದರು. "ಸೋಮವಾರ ಯಾಕೆ ಹಾಕಿದೆ?" ಅವರ ಬಾಯಲ್ಲಿ ಸಿಟ್ಟು ಕೇಳಿದ್ದು ಇದೇ ಮೊದಲು.

ಮೈಲೇಜು ಹನ್ನೆರಡಕ್ಕೂ ಕಮ್ಮಿ. ಅದೇ ಕಾರು, ಅದೇ ದಾರಿ, ಅದೇ ಚಿಪ್. ಶುಕ್ರವಾರ ಹದಿನೈದು, ಸೋಮವಾರ ಹನ್ನೆರಡಿಲ್ಲ. ತಕ್ಕಡಿ ಹೀಗೆ ತೂಗಿದರೆ ಅಂಗಡಿಯವರು ನನ್ನ ತಲೆಯ ಮೇಲೆ ಹೊಡೆಯುತ್ತಾರೆ.

ಮಾರ್ಚ್ 25, ಮಂಗಳವಾರ

ಇಷ್ಟು ದಿನ ರೆಕಾರ್ಡರಿನಲ್ಲಿ ಕೊನೆಯ ಅಂಕಿ ಮಾತ್ರ ನೋಡುತ್ತಿದ್ದೆ. ಇವತ್ತು ಇಂಜಿನ್ ಎಳೆದ ಭಾರದ ಗೆರೆ ಕಾಗದದ ಮೇಲೆ ಬಿಡಿಸಿದೆ. ಸೋಮವಾರ, ಬುಧವಾರ — ಗೆರೆ ಹೊರಡುತ್ತದೆ, ಸಮ ಹೋಗುತ್ತದೆ, ಆಮೇಲೆ ಗುಡ್ಡ. ಗೆರೆಯೂ ಗುಡ್ಡದ ಹಾಗೇ ಏರುತ್ತದೆ.

ಶುಕ್ರವಾರದ ಗೆರೆ ಚಾಪೆ ಹಾಸಿದ ಹಾಗೆ ಮಟ್ಟಸ. ಮೂರು ಶುಕ್ರವಾರವೂ. ದೂರ ಮಾತ್ರ ಆಸ್ಪತ್ರೆಯ ದಾರಿಯಷ್ಟೇ. ರೆಕಾರ್ಡರ್ ಕೆಟ್ಟಿದೆ ಎಂದುಕೊಂಡು ಬಿಚ್ಚಿ ನೋಡಿದೆ. ಕೆಟ್ಟಿಲ್ಲ.

ಅವರು ಶುಕ್ರವಾರ ಗುಡ್ಡ ಹತ್ತಿಲ್ಲ.

ಸಂಜೆ

ಅಂಗಡಿಗೆ ಹೋದೆ. ಭಾವ ಒಂದು ಕೋಟಿಗೆ ತೋಳು ಕೂಡಿಸುತ್ತಿದ್ದರು. ಕಾಗದ ಮುಂದೆ ಇಟ್ಟೆ. ಮಿಷನ್ ನಿಲ್ಲಿಸಿ ನೋಡಿದರು.

"ಕೆರೆ ಕಡೆ ಹೋಗ್ತೀವಿ. ಅವಳೇ ಕೇಳಿದ್ದು. ಹೋದ ತಿಂಗಳಿಂದ."

"ದೂರ ಸರಿ ಇದೆಯಲ್ಲ ಭಾವ?"

"ಕೆರೆ ಹತ್ತಿರ ಆಗತ್ತೆ. ನೀನು ಮೀಟರ್ ನೋಡ್ತೀಯ ಅಂತ ಕೆರೆ ಏರಿ ರಸ್ತೇಲಿ ಇನ್ನೆರಡು ಸುತ್ತು ಹಾಕ್ತಿದ್ದೆ."

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಟೈಲರ್ ಅಲ್ಲವೇ, ಉದ್ದ ಸರಿಯಾಗಿ ಅಳೆದಿದ್ದಾರೆ. ಎತ್ತರ ಮರೆತಿದ್ದಾರೆ.

"ಡಾಕ್ಟರು ಹೇಳಿದ್ದು ನಿಮಗೆ ಗೊತ್ತಿತ್ತು," ಅಂದೆ.

"ಗೊತ್ತಿತ್ತು. ಬೇಡ ಅನ್ನೋಕೆ ನಾಲಿಗೆ ಏಳಲಿಲ್ಲ ಕಣೋ. ಅಲ್ಲಿ ನಗ್ತಾಳೆ."

ಮಾರ್ಚ್ 27, ಗುರುವಾರ. ಮಧ್ಯಾಹ್ನ

ನಿನ್ನೆ ಬರೆಯಲಾಗಲಿಲ್ಲ. ಅಕ್ಕನ ಮುಖ ನೋಡಲಿಕ್ಕೂ ಆಗಲಿಲ್ಲ. ಊದಿದ ಕಾಲು, ಮೊಳೆಯ ಶಾಲು, ಫ್ಲಾಸ್ಕು — ಎಲ್ಲ ಕಣ್ಣೆದುರೇ ಇತ್ತು. ಲೀಟರಿಗೆ ಹದಿನೈದು ಎಂದು ಕುಣಿದ ಮೂರು ದಿನವೂ ಅವಳ ಮೈಯಲ್ಲಿ ನೀರು ಏರುತ್ತಿತ್ತು. ಗುಲಗಂಜಿ ಎಂಬ ಹೆಸರು ಬೇರೆ ನನಗೆ.

ಇವತ್ತು ಕೇಳಿದೆ. ಭಾವ ಹೊಲಿದ ಅಂಗಿಗೆ ಗುಂಡಿ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ಕದ್ದು ಹೋಗೋದು ಬೇಡ ಅಂತಾನೇ ಎರಡು ಸಲ ಸಾಕು ಅಂತ ನಿನ್ನ ಕೇಳಿದ್ದು. ನೀನು ಹೋಗಿ ಕಾರು ಬಿಚ್ಚಿದೆ."

"ಪೆಟ್ರೋಲ್ ಅಂದೆಯಲ್ಲ ಅಕ್ಕ!"

"ಇನ್ನೇನು ಹೇಳ್ಲಿ? ಸಾಕಾಗಿದೆ ಅಂದ್ರೆ ನೀವಿಬ್ರೂ ನಾನು ಆಗ್ಲೇ ಸತ್ತ ಹಾಗೆ ಮುಖ ಮಾಡ್ತೀರ. ಪೆಟ್ರೋಲ್ ಅಂದ್ರೆ ಯಾರಿಗೂ ನೋವಾಗಲ್ಲ."

ಕೆರೆ ಹತ್ತಿರ ಏನು ಮಾಡ್ತೀರಿ ಎಂದೆ.

"ಏನಿಲ್ಲ. ಕೂತ್ಕೋತೀವಿ. ಪೂರ್ತಿ ಒಂದು ಲೋಟ ಟೀ ಕುಡಿತೀನಿ. ಅಳೆಯದೆ. ನಿಮ್ಮ ಭಾವ ಮಾತಾಡ್ತಾರೆ ಗೊತ್ತಾ ಅಲ್ಲಿ? ನಂಬಲ್ಲ ನೀನು."

ನಂಬಿದೆ. ತುಂಬಾ ಹೆದರಿಕೆಯಾಯಿತು. ಸಿಟ್ಟೂ ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನಾನು ಇಂಜಿನ್ ದಣಿವು ನೋಡುತ್ತಾ ಕೂತೆ. ಅವಳ ದಣಿವನ್ನು ಕೇಳಲೇ ಇಲ್ಲ.

"ಅಕ್ಕ, ನನಗೆ ನೀನು ಬೇಕು," ಅಂದೆ. ಇಷ್ಟು ವಯಸ್ಸಾದ ಮೇಲೆ ಹೀಗೆ ಹೇಳಿದ್ದು ಇದೇ. "ಗುಡ್ಡಕ್ಕೆ ಹೋಗು. ಇಳಿದ ಮೇಲೆ ಕೆರೆಗೆ ಹೋಗು. ಶುಕ್ರವಾರ ಮಾತ್ರ ಅಲ್ಲ, ಮೂರು ದಿನಾನೂ. ಟೀ ಎಷ್ಟು ಕುಡೀಬಹುದು ಅಂತ ಡಾಕ್ಟರ್ ಹತ್ರ ನಾನೇ ಜಗಳ ಆಡ್ತೀನಿ."

"ಅಷ್ಟು ಪೆಟ್ರೋಲು?"

"ಕುಡೀಲಿ ಬಿಡು, ಹಾಳಾದ್ದು."

ಹಲ್ಲಿನಲ್ಲಿ ದಾರ ಕಡಿದಳು. "ನಾಳೆ ಯಾವ ರಸ್ತೆ ಅಂತ ನಾಳೆ ನೋಡೋಣ. ಬಲವಂತ ಮಾಡಬೇಡ ಕಣೋ."

ಮಾಡುವುದಿಲ್ಲ ಎಂದು ಮಾತು ಕೊಟ್ಟೆ. ಕೊಡಬಾರದಿತ್ತೇನೋ.

ಮಾರ್ಚ್ 28, ಶುಕ್ರವಾರ. ಬೆಳಿಗ್ಗೆ 6.20

ಚಿಪ್ ಮತ್ತೆ ಬರೆದೆ. ಏರಿನಲ್ಲಿ ಕಾರು ಕೇಳಿದಷ್ಟು ಕೊಡು, ಸಮತಟ್ಟಿನಲ್ಲಿ ಸ್ವಲ್ಪ ಕೈ ಬಿಗಿ ಹಿಡಿ — ಇಷ್ಟೇ. ಉಳಿತಾಯ ಗುಲಗಂಜಿಯಷ್ಟು. ರೆಕಾರ್ಡರ್ ಕಿತ್ತು ಡ್ರಾಯರಿಗೆ ಹಾಕಿದ್ದೇನೆ. ಎಲ್ಲಿ ಹೋದರು ಎಂದು ಅವರೇ ಹೇಳಲಿ, ಯಂತ್ರದ ಬಾಯಿಂದ ಬೇಡ.

ಭಾವ ಕಾರಿನಲ್ಲಿದ್ದಾರೆ. ಇಂಜಿನ್ ಸದ್ದು ಹಿತವಾಗಿದೆ. ಅಕ್ಕ ಇನ್ನೂ ಒಳಗೇ. ಕಿಟಕಿಯಲ್ಲಿ ನಿಂತೇ ಬರೆಯುತ್ತಿದ್ದೇನೆ.

ಬಂದಳು. ಕೈಯಲ್ಲಿ ಫ್ಲಾಸ್ಕು. ಶಾಲು ಇಲ್ಲ.

ಕೂಗಿ ಬಿಡಲೇ... ಮಾತು ಕೊಟ್ಟಿದ್ದೇನೆ.

ಕಾರಿನ ಬಾಗಿಲು ತೆಗೆದಳು. ಫ್ಲಾಸ್ಕು ಒಳಗಿಟ್ಟಳು. ಹಾಗೇ ನಿಂತಿದ್ದಾಳೆ. ಮತ್ತೆ ಮನೆಯೊಳಗೆ ಹೋದಳು.

ಬರುತ್ತಿದ್ದಾಳೆ. ಹೆಗಲ ಮೇಲೆ ನೀಲಿ ಶಾಲು. ತಲೆ ಎತ್ತಿ ಕಿಟಕಿಗೇ ಕೂಗುತ್ತಿದ್ದಾಳೆ —

"ಏ ಗುಲಗಂಜಿ, ಗುಡ್ಡದ ಮೇಲೆ ಅಷ್ಟು ಹೊತ್ತು ನಿಮ್ಮ ಭಾವನಿಗೆ ಜೊತೆ ಬೇಡ್ವಾ? ಟೀ ಮೂರು ಜನಕ್ಕೆ ಹಾಕಿದ್ದೀನಿ, ಬಾರೋ!"

ಚಪ್ಪಲಿ ಎಲ್ಲಿಟ್ಟೆ...