ಸೂರಿನ ಮೂಲೆಯ ಯಾಳಿ

ಜನವರಿ 9, ಮಂಗಳವಾರ
ಇವತ್ತೂ ಅದೇ ಸೂರಿನ ಕೆಲಸ. ಗ್ರೀಸಿನ ಹಳೆಯ ಗುಡಿ. ಉಳಿದಿರುವುದು ಬರೀ ಪಾಯ, ಮುರಿದ ಕಂಬ. ಅಲ್ಲಿಯ ಮ್ಯೂಸಿಯಂನವರು ಕಳಿಸಿದ ಫೋಟೋಗಳಿಂದ ಕಲ್ಲಿಗೆ ಕಲ್ಲು ಕೂಡಿಸಿ ಕಂಪ್ಯೂಟರಿನಲ್ಲಿ ಎಬ್ಬಿಸುತ್ತಿದ್ದೇನೆ — ಹೊಸಪೇಟೆಯ ಈ ಪುಟ್ಟ ಸ್ಟುಡಿಯೋದಲ್ಲಿ, ಎರಡು ವರ್ಷದಿಂದ. ಮಳೆನೀರು ಬೀಳಲು ಸೂರಿಗೆ ಸಿಂಹಮುಖಗಳು. ಸಿಕ್ಕಿದ್ದು ಒಂದರ ದವಡೆ ಮಾತ್ರ. ಸಂಜೆ ಹೊತ್ತಿಗೆ ಕಣ್ಣು ಮೂಡಿತು. ಹಾಲೇಶ್‌ಗೆ ತೋರಿಸಿದೆ. ಸ್ಟುಡಿಯೋ ಅವನದು, ಬೇಸಿಗೆಗೆ ನಮ್ಮ ಮದುವೆ.
"ಮಸ್ತ್ ಐತಿ ಶಿಲ್ಪಾ" ಅಂದ. ಫೋನಿನಿಂದ ತಲೆ ಎತ್ತಲಿಲ್ಲ.

ಜನವರಿ 20
ಗುಡಿಯ ಮಾಡೆಲ್ ಬಿಡುಗಡೆ ಸಮಾರಂಭದ ಆಮಂತ್ರಣ ಅಚ್ಚಾಗಿ ಬಂತು. "ಪುನರ್ನಿರ್ಮಾಣ: ಹಾಲೇಶ್." ನನ್ನ ಹೆಸರು ಹುಡುಕಿದೆ. ಕೆಳಗಿತ್ತು — "ಸ್ವಾಗತ: ಶಿಲ್ಪಶ್ರೀ."
ಹಾಲೇಶ್‌ನನ್ನು ಕೇಳಿದೆ.
"ಲಗ್ನ ಆದ್ ಮ್ಯಾಲೆ ನಿಂದು ನಂದು ಅಂತ ಬ್ಯಾರೆ ಏನೈತಿ? ಹೂ ಕೊಟ್ಟು ಕರಿಯಾಕ ಹೆಣ್ಮಕ್ಕಳಿದ್ರ ಚಂದ."
"ಹಂಗ ಆಗ್ಲಿ ಬಿಡ್ರಿ" ಅಂದೆ. ನಕ್ಕೆ ಕೂಡ.
ಮನೆಗೆ ಬಂದು ಅವ್ವನ ಮೇಲೆ ರೇಗಿದೆ. ಪಾಪ, ಅವಳೇನು ಮಾಡಿದ್ದಳು...

ಜನವರಿ 27
ಹಂಪಿಗೆ ಹೋದೆ. ಒಬ್ಬಳೇ. ಮಂಟಪದ ಕಂಬದಲ್ಲೊಂದು ಯಾಳಿ — ಸಿಂಹದ ಬಾಯಿ, ಆನೆಯ ಸೊಂಡಿಲು, ಗುಡ್ಡೆಗಣ್ಣು. ಸುತ್ತಲಿಂದ ಫೋಟೋ ತೆಗೆದೆ.
"ಇಷ್ಟು ಫೋಟೋ ಏನ್ ಮಾಡ್ತೀರಿ?" ಕಾವಲಿನವರು ಕೇಳಿದರು.
"ಒಬ್ಬರಿಗೆ ಪ್ರೆಸೆಂಟ್ ಕೊಡೋದೈತ್ರಿ."

ಫೆಬ್ರವರಿ 2
ಗುಡಿಯ ಫೈಲ್ ಹಾಲೇಶ್‌ಗೆ ಕೊಟ್ಟೆ. ಸೂರಿನ ಮೂಲೆಯ ಸಿಂಹ ತೆಗೆದು ಯಾಳಿ ಕೂರಿಸಿದ್ದೇನೆ. ಬಣ್ಣ, ಸವೆತ ಎಲ್ಲ ಹೊಂದಿಸಿ. "ಒಮ್ಮೆ ಪೂರಾ ನೋಡ್ರಿ" ಅಂದೆ. ನೋಡಲಿಲ್ಲ. ಸೂಟ್ ತರಲು ಹೋದ.

ಫೆಬ್ರವರಿ 4, ಸಂಜೆ
ಹೋಟೆಲ್ ಹಾಲ್ ತುಂಬಿತ್ತು. ಗ್ರೀಸಿನ ಮ್ಯೂಸಿಯಂ ಕಡೆಯ ಪ್ರೊಫೆಸರಮ್ಮ ವೀಡಿಯೋ ಕಾಲ್‌ನಲ್ಲಿದ್ದರು. ಹಾಲೇಶ್ ಪರದೆಯ ಮೇಲೆ ಗುಡಿ ತಿರುಗಿಸಿದ, ಸೂರಿನ ಹತ್ತಿರ ಒಯ್ದ. ಆಕೆ ತಡೆದರು. ಮೂಲೆಯ ಆ ಮುಖಕ್ಕೆ ಆಧಾರವೇನು?
ಗೊತ್ತಿಲ್ಲ ಅನ್ನಬಹುದಿತ್ತು. ಶಿಲ್ಪಾ ಮಾಡಿದ್ದು ಅನ್ನಬಹುದಿತ್ತು. ನೀವೇ ಫೋಟೋ ಕಳಿಸಿದ ತುಣುಕು, ನಾನೇ ಕೂಡಿಸಿದೆ — ಅಂದ. ಇಂಗ್ಲಿಷಿನಲ್ಲಿ, ಎದೆ ಉಬ್ಬಿಸಿ.
ಆ ತುಣುಕಿನ ಫೋಟೋ ತೋರಿಸಿ ಅಂದರು. ಹುಡುಕಿದ. ನನ್ನ ಕಡೆ ನೋಡಿದ.
ಹೂವಿನ ತಟ್ಟೆ ಕೆಳಗಿಟ್ಟು ಎದ್ದೆ. ಅದು ಹಂಪಿಯದು, ಮಾಡಿದವಳು ನಾನು ಅಂದೆ. ಇಡೀ ಗುಡಿ ಮಾಡಿದವಳೂ ನಾನೇ.
ಮುಂದಿನ ಸಾಲಿನಲ್ಲಿದ್ದ ಅವನ ಅವ್ವ ಕೊಟ್ರಮ್ಮ, "ಇದೇನವ್ವಾ ಮಾಡಿದಿ?" ಅಂದರು.
ಹಿತವಾಗಿತ್ತು. ಬರೆಯುವಾಗಲೂ ಹಿತವಾಗಿದೆ.

ಫೆಬ್ರವರಿ 19
ಮ್ಯೂಸಿಯಂ ಮಾಡೆಲನ್ನೇ ತಿರಸ್ಕರಿಸಿತು. ಬೇಕೆಂದೇ ಇಟ್ಟ ಸುಳ್ಳು ಒಂದಿದ್ದರೆ ಯಾವ ಕಲ್ಲನ್ನೂ ನಂಬಲಾರೆವು, ಅಂತ. ದವಡೆಯಿಂದ ನಾನು ಹುಟ್ಟಿಸಿದ ಸಿಂಹವೂ ಹೋಯಿತು.
ಹಾಲೇಶ್ ಬಂದಿದ್ದ. ಕಣ್ಣು ಕೆಂಪು.
"ನನ್ನ ಕಪಾಳಕ್ಕ ಹೊಡೀಬೇಕಿತ್ತು. ಗುಡಿ ಯಾಕ ಕೆಡವಿದಿ?"
"ನಿಮ್ಮದು ಅಂದ್ರಲ್ಲ. ಅದಕ್ಕ ಕೆಡವಿದೆ."
ಹೋದ. ಇನ್ನು ಮದುವೆಯ ಮಾತಿಲ್ಲ.

ಫೆಬ್ರವರಿ 21
ಅವ್ವ ಊಟಕ್ಕೆ ಕರೆಯುತ್ತಿದ್ದಾಳೆ. ಮಾಡೆಲ್ ತೆರೆದು ಕೂತಿದ್ದೇನೆ. ಅವನಿಗೆ ಇನ್ನಷ್ಟು ಆಗಬೇಕಿತ್ತು. ಈಗಲೂ ಅದೇ ಅನ್ನಿಸುತ್ತದೆ. ಕಂಬಗಳ ಮೇಲೆ ಬೆಳಗಿನ ಬಿಸಿಲು ಬೀಳಿಸಿ ನೋಡಿದೆ. ಎಷ್ಟು ಚೆನ್ನಾಗಿ ಬಂದಿತ್ತು. ಇದನ್ನು ನಾನೇ ಕಟ್ಟಿ, ನಾನೇ—