ದಿಬ್ಬದಿಂದ ಇಳಿಸಿದ್ದರ ಬಗ್ಗೆ

ಮೆರ್ಜೂಗಾ, ಮಂಗಳವಾರ

ಯಜಮಾನರಾದ ಸೀದಿ ಲಹ್ಸೆನ್ ಅವರಿಗೆ, ನಿಮ್ಮ ಪ್ರವಾಸಿ ಬಿಡಾರದಲ್ಲಿ ಅಡುಗೆ ಮಾಡುವ ತೂದಾಳ ಸಲಾಂ.

ಅತಿಥಿಗಳ ಕ್ಷಮೆ ಕೇಳಬೇಕೆಂದು ನನಗೆ ಹೇಳಿಕಳಿಸಿದ್ದೀರಿ. ಕೇಳುವುದಿಲ್ಲ. ಕಾವಲುಗಾರ ಅದ್ದಿ ನಿಮಗೆ ಅರ್ಧವನ್ನಷ್ಟೇ ಹೇಳಿರಬೇಕು.

ನನ್ನ ಅಮ್ಮ ಕಣ್ಣಿನ ಆಸ್ಪತ್ರೆಗೆ ಹೋಗಲೆಂದು ಮೂರು ದಿನ ಒಂಟೆಯ ಮೇಲೆ ಬಂದು ನನ್ನಲ್ಲಿ ಇಳಿದುಕೊಂಡಿದ್ದಾಳೆ. ಇರುವ ದೃಷ್ಟಿಯೂ ಹೆಚ್ಚು ದಿನ ಉಳಿಯುವುದಿಲ್ಲವಂತೆ. ದೊಡ್ಡ ಮರಳುದಿಬ್ಬದ ಮೇಲಿಂದ ಸೂರ್ಯ ಹುಟ್ಟುವುದನ್ನು ಒಮ್ಮೆ ನೋಡಬೇಕೆಂದಳು. ನಿನ್ನೆ ನಸುಕಿನಲ್ಲಿ ಕೈಹಿಡಿದು ಹತ್ತಿಸಿದೆ. ತುದಿಯಲ್ಲಿ ಕುಳಿತೆವೋ ಇಲ್ಲವೋ, ಅದ್ದಿ ಬಂದ.

"ಅಜ್ಜಿ, ಕೆಳಗಿಳಿ. ಅತಿಥಿಗಳ ಫೋಟೋದಲ್ಲಿ ನೀನು ಬರ್ತಿದ್ದೀಯ."

"ಬಂದ್ರೆ ಬರ್ಲಿ ಬಿಡಪ್ಪ, ನೋಡೋಕೆ ನಾನೇನು ಅಷ್ಟು ಕೆಟ್ಟದಾಗಿದ್ದೀನಾ?" ಎಂದು ಅಮ್ಮ ನಕ್ಕಳು.

ಅವನು ನಗಲಿಲ್ಲ. ಅವಳ ತೋಳು ಹಿಡಿದು ಎಬ್ಬಿಸಿದ. ಆಗ ನಾನು ಕೂಗಾಡಿದೆ. ಅದೇ ನನ್ನ ತಪ್ಪಂತೆ.

ನಾವಿನ್ನೂ ದಿಬ್ಬದ ನೆರಳಿನ ಮಗ್ಗುಲಲ್ಲಿ ಇಳಿಯುತ್ತಿದ್ದಾಗ ಮೇಲೆ ಅತಿಥಿಗಳ ಚಪ್ಪಾಳೆ ಕೇಳಿಸಿತು.

"ಹುಟ್ಟಿದನೇನೇ?" ಎಂದಳು ಅಮ್ಮ.

"ಹೂಂ ಅಮ್ಮ" ಎಂದೆ.

ಅಮ್ಮ ಹುಡುಗಿಯಾಗಿ ಇದೇ ಮರಳಿನಲ್ಲಿ ಆಡು ಕಾಯುತ್ತಿದ್ದಾಗ ಇಲ್ಲಿ ನಿಮ್ಮ ಬಿಡಾರದ ಒಂದು ಗೂಟವೂ ಇರಲಿಲ್ಲ, ಸೀದಿ.

ಗುರುವಾರ ಹತ್ತು ಗಂಟೆಗೆ ಆಸ್ಪತ್ರೆಯ ಊರಿಗೆ ಬಸ್ಸು. ಅದಕ್ಕೆ ಮೊದಲು, ಬೆಳಗಾಗುವಾಗ, ಮತ್ತೆ ಹತ್ತುತ್ತೇವೆ. ಅವಳ ಮಂಡಿ ಸೋತಿದೆ, ಅರ್ಧ ದಾರಿಗಾದರೂ ಸಾಧು ಒಂಟೆಯೊಂದನ್ನು ಕೊಡಿ. ಅದ್ದಿಯನ್ನು ಅತ್ತ ಬಿಡಬೇಡಿ. ಅವತ್ತಿನ ರೊಟ್ಟಿಯನ್ನು ಅತಿಥಿಗಳಿಗೆ ನೀವೇ ಸುಟ್ಟುಕೊಡಿ. ನಾನು ಅಮ್ಮನ ಪಕ್ಕದಲ್ಲಿ ಕುಳಿತಿರುತ್ತೇನೆ.

ತೂದಾ